ದೊಡ್ಡಪತ್ರೆಗೆ ಸಲ್ಲಬೇಕಾದ ಮನ್ನಣೆ



ನಮ್ಮ ಹಿತ್ತಿಲ ದೊಡ್ಡಪತ್ರೆಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಹೊಸ ಬಿರುದು ಪ್ರಾಪ್ತವಾಗಿದೆ. ಅದು 'ನೈಸರ್ಗಿಕ ಆಂಟಿಬಯಾಟಿಕ್' ಎಂಬುದು. ಮೊಬೈಲಿಗೆ ಬಂದು ಬೀಳುವ ಸಂದೇಶಗಳಲ್ಲಿ, ಗಿಡಮೂಲಿಕೆ ಮಾರುವವರ ಕರಪತ್ರಗಳಲ್ಲಿ, ಒಮ್ಮೊಮ್ಮೆ ನನ್ನ ವೃತ್ತಿಬಾಂಧವರ ಭಾಷಣಗಳಲ್ಲಿಯೂ ಈ ಮಾತು ಕೇಳಿಬರುತ್ತಿದೆ. ಪ್ರಯೋಗಾಲಯದಲ್ಲಿ ಇಂತಿಂಥ ರೋಗಾಣುಗಳನ್ನು ಈ ಎಲೆಯ ರಸ ಕೊಂದಿತಂತೆ, ಆದ್ದರಿಂದ ಔಷಧದ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲವಂತೆ! ನಾಲ್ಕು ದಶಕಗಳಿಂದ ಆಯುರ್ವೇದವನ್ನೇ ಆಶ್ರಯಿಸಿ ಬದುಕಿದ ನನಗೆ ಈ ಹೊಗಳಿಕೆಯಿಂದ ಹರ್ಷವಾಗಬೇಕಾಗಿತ್ತು. ಆಗಿಲ್ಲ. ಎಲೆಗೆ ಆ ಗುಣವಿಲ್ಲವೆಂದು ನಾನು ಹೇಳುತ್ತಿಲ್ಲ. ಗುಣವಿದೆ. ಅದು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬ ವಿವೇಕ ಈ ಬಿರುದಿನಲ್ಲಿ ಇಲ್ಲ. ಆ ವಿವೇಕ ತಪ್ಪಿದಲ್ಲಿ ನಷ್ಟವಾಗುವುದು ಎಲೆಗಲ್ಲ, ತೊಟ್ಟಿಲಲ್ಲಿರುವ ಮಗುವಿಗೆ.

ಮೊದಲು ಗಿಡದ ಗುರುತು ಹೇಳಿಬಿಡುತ್ತೇನೆ. ದಪ್ಪವಾದ, ರಸಭರಿತವಾದ, ಅಂಚು ಹಲ್ಲುಹಲ್ಲಾಗಿರುವ, ಮುಟ್ಟಿದರೆ ಮಖಮಲ್ಲಿನಂತೆ ನವಿರಾದ ಎಲೆ ಇದರದು. ದೊಡ್ಡಪತ್ರೆ, ಸಾಂಬಾರಬಳ್ಳಿ, ಕರ್ಪೂರವಳ್ಳಿ, ಕರಾವಳಿಯಲ್ಲಿ ಸಾಂಬ್ರಾಣಿ ಎಂದು ಹಲವು ಹೆಸರುಗಳಿವೆ. ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದ ಇದನ್ನು ಸಸ್ಯಶಾಸ್ತ್ರಜ್ಞರು ಕೋಲಿಯಸ್ ಆರೊಮ್ಯಾಟಿಕಸ್, ಪ್ಲೆಕ್ಟ್ರಾಂಥಸ್ ಅಂಬೊಯಿನಿಕಸ್ ಎಂದು ಕಾಲಕಾಲಕ್ಕೆ ಹೆಸರು ಬದಲಿಸುತ್ತ ಕರೆದಿದ್ದಾರೆ. ನರ್ಸರಿಗಳಲ್ಲಿ 'ಅಜವಾನದ ಗಿಡ' ಎಂದು ಮಾರುವುದೂ ಉಂಟು. ಅಡುಗೆಮನೆಯ ಡಬ್ಬಿಯಲ್ಲಿರುವ ಓಮದ ಕಾಳು ಈ ಗಿಡದ್ದಲ್ಲ. ಅದು ಕೊತ್ತಂಬರಿ, ಜೀರಿಗೆಗಳ ಕುಟುಂಬದ ಬೇರೆಯೇ ಒಂದು ಸಸ್ಯದ ಫಲ. ಆದರೂ ಎರಡಕ್ಕೂ ಒಂದೇ ವಾಸನೆ ಇರುವುದಕ್ಕೆ ರಾಸಾಯನಿಕ ಕಾರಣವಿದೆ. ಅದನ್ನು ಮುಂದೆ ವಿವರಿಸುತ್ತೇನೆ. ಸಂಸ್ಕೃತದಲ್ಲಿ ಇದಕ್ಕೆ ಸಲ್ಲುವ 'ಪರ್ಣಯವಾನಿ' ಎಂಬ ಹೆಸರಿನ ಅರ್ಥವೇ 'ಎಲೆಯ ಓಮ' ಎಂದು.

ಇದು ವೇದಕಾಲದಿಂದ ನಮ್ಮಲ್ಲಿದ್ದ ಗಿಡವೆಂದು ಕೆಲವರು ಅಭಿಮಾನದಿಂದ ಹೇಳುತ್ತಾರೆ. ಸಸ್ಯಶಾಸ್ತ್ರದ ಪ್ರಕಾರ ಇದರ ತವರು ಆಫ್ರಿಕಾ ಖಂಡದ ಪೂರ್ವ ಮತ್ತು ದಕ್ಷಿಣ ಭಾಗ. ಕಡ್ಡಿ ಊರಿದಲ್ಲಿ ಬೇರುಬಿಡುವ ಜಾತಿಯಾದ್ದರಿಂದ ಕೈಯಿಂದ ಕೈಗೆ ದಾಟಿ ಊರೂರಿಗೆ ಹಬ್ಬಿತು. ಹೊರಗಿನಿಂದ ಬಂದದ್ದೆಂದು ಅದರ ಗುಣವೇನೂ ಕಡಿಮೆಯಾಗುವುದಿಲ್ಲ. ಮೆಣಸಿನಕಾಯಿಯೂ ಹೊರಗಿನದೇ ತಾನೆ! ಇನ್ನು ಕೆಲವು ಪುಸ್ತಕಗಳಲ್ಲಿ ಇದನ್ನೇ 'ಪಾಷಾಣಭೇದ' ಎಂದು ಬರೆದು, ಮೂತ್ರಪಿಂಡದ ಕಲ್ಲಿಗೆ ದೊಡ್ಡಪತ್ರೆ ತಿನ್ನಿಸುವವರಿದ್ದಾರೆ. ಇಂದು ಪಾಷಾಣಭೇದವೆಂದು ಮಾನ್ಯವಾಗಿರುವುದು ಹಿಮಾಲಯದ ತಪ್ಪಲಿನ ಬರ್ಜೇನಿಯಾ ಎಂಬ ಬೇರೆ ಗಿಡದ ಬೇರು. ಈ ಗೊಂದಲವನ್ನು ಇಲ್ಲಿಗೆ ಬಿಡೋಣ.

ಎಲೆಯನ್ನು ಬೆರಳುಗಳ ನಡುವೆ ಹಿಸುಕಿದೊಡನೆ ಮೂಗಿಗೆ ಅಡರುವ ಘಾಟಿನಲ್ಲಿಯೇ ಅದರ ರಸಾಯನಶಾಸ್ತ್ರವೆಲ್ಲ ಅಡಗಿದೆ. ಎಲೆಯ ಮೇಲಿನ ನವಿರಾದ ರೋಮಗಳಲ್ಲಿ ಕೆಲವು ಬರಿಯ ರೋಮಗಳಲ್ಲ, ತುದಿಯಲ್ಲಿ ಎಣ್ಣೆಯ ಗ್ರಂಥಿಯನ್ನು ಹೊತ್ತ ರೋಮಗಳು. ಅವು ಒಡೆದಾಗ ಹೊರಬೀಳುವ ಸುಗಂಧತೈಲದಲ್ಲಿ ಮುಖ್ಯವಾದವು ಎರಡು ವಸ್ತುಗಳು, ಕಾರ್ವಕ್ರಾಲ್ ಮತ್ತು ಥೈಮಾಲ್. ಎರಡರಲ್ಲಿಯೂ ಹತ್ತು ಇಂಗಾಲ, ಹದಿನಾಲ್ಕು ಜಲಜನಕ, ಒಂದು ಆಮ್ಲಜನಕ ಪರಮಾಣುಗಳಿವೆ. ಎರಡರ ತೂಕವೂ ಒಂದೇ. ಆಮ್ಲಜನಕ ಮತ್ತು ಜಲಜನಕಗಳ ಒಂದು ಜೋಡಿ ಅಣುವಿನ ಉಂಗುರದಲ್ಲಿ ಯಾವ ಸ್ಥಾನದಲ್ಲಿ ಕುಳಿತಿದೆ ಎಂಬುದಷ್ಟೇ ವ್ಯತ್ಯಾಸ. ಒಂದೇ ಅಚ್ಚಿನ ಅವಳಿ ಮಕ್ಕಳಲ್ಲಿ ಒಬ್ಬನ ಮಚ್ಚೆ ಎಡಗೆನ್ನೆಯಲ್ಲಿ, ಇನ್ನೊಬ್ಬನದು ಬಲಗೆನ್ನೆಯಲ್ಲಿ ಇದ್ದಂತೆ ಎಂದುಕೊಳ್ಳಬಹುದು. ಇವೆರಡರ ಜೊತೆಗೆ ಪ್ಯಾರಾಸೈಮೀನ್, ಗಾಮಾಟರ್ಪಿನೀನ್, ಕ್ಯಾರಿಯೊಫಿಲೀನ್ ಮೊದಲಾದವು ಇರುತ್ತವೆ. ಗಾಮಾಟರ್ಪಿನೀನ್‌ನಿಂದಲೇ ಗಿಡವು ಕಾರ್ವಕ್ರಾಲ್ ಮತ್ತು ಥೈಮಾಲ್‌ಗಳನ್ನು ತಯಾರಿಸಿಕೊಳ್ಳುತ್ತದೆ.

ಥೈಮಾಲ್‌ಗೂ ನಮ್ಮ ದೇಶಕ್ಕೂ ಹಳೆಯ ನಂಟಿದೆ. 1719ರಲ್ಲಿ ಜರ್ಮನಿಯ ಕ್ಯಾಸ್ಪರ್ ನಾಯ್ಮನ್ ಎಂಬ ರಸಾಯನತಜ್ಞ ಥೈಮ್ ಎಂಬ ಗಿಡದಿಂದ ಅದನ್ನು ಬೇರ್ಪಡಿಸಿದ. ಮುಂದೆ ಅದಕ್ಕೆ ಬೇಡಿಕೆ ಬಂದಾಗ ಯುರೋಪಿನವರಿಗೆ ಒದಗಿದ್ದು ನಮ್ಮ ಓಮ. ಓಮದ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಥೈಮಾಲ್ ಇರುತ್ತದೆ. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಭಾರತದ ಓಮ ಹಡಗಿನಲ್ಲಿ ಜರ್ಮನಿಗೆ ಹೋಗಿ, ಅಲ್ಲಿ ಥೈಮಾಲ್ ಆಗುತ್ತಿತ್ತು. ದೊಡ್ಡಪತ್ರೆಗೂ ಓಮಕ್ಕೂ ಒಂದೇ ವಾಸನೆ ಏಕೆಂಬುದಕ್ಕೆ ಉತ್ತರ ಇದೇ. ಕುಟುಂಬ ಬೇರೆಯಾದರೂ ಎರಡೂ ಗಿಡಗಳು ಒಂದೇ ಜಾತಿಯ ಅಣುಗಳನ್ನು ಹೆಣೆದುಕೊಳ್ಳುತ್ತವೆ. 'ಎಲೆಯ ಓಮ' ಎಂದು ಹೆಸರಿಟ್ಟ ಪೂರ್ವಿಕರ ಮೂಗು ಎಷ್ಟು ಚುರುಕಾಗಿತ್ತೆಂದು ನನಗೆ ಪ್ರತಿ ಸಲವೂ ಮೆಚ್ಚಿಕೆಯಾಗುತ್ತದೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಈ ತೈಲದಲ್ಲಿ ಯಾವುದು ಎಷ್ಟಿರುತ್ತದೆ ಎಂಬುದು ಗಿಡದಿಂದ ಗಿಡಕ್ಕೆ ಬಹಳ ಬದಲಾಗುತ್ತದೆ. ಕೆಲವು ಪರೀಕ್ಷೆಗಳಲ್ಲಿ ಕಾರ್ವಕ್ರಾಲ್ ಮುಂದಿದ್ದರೆ ಕೆಲವದರಲ್ಲಿ ಥೈಮಾಲ್ ಮುಂದಿದೆ. ಮಣ್ಣು, ಬಿಸಿಲು, ಋತು, ಎಲೆಯ ಪ್ರಾಯ, ಕಡ್ಡಿ ಬಂದ ಮೂಲ ಎಲ್ಲವೂ ಇದರಲ್ಲಿ ಪಾತ್ರ ವಹಿಸುತ್ತವೆ. ಎಲೆಯ ತೂಕದ ಬಹುಪಾಲು ನೀರು. ನೂರು ಗ್ರಾಂ ಹಸಿ ಎಲೆಯಿಂದ ಒಂದು ಗ್ರಾಂ ಎಣ್ಣೆಯೂ ಹೊರಡುವುದಿಲ್ಲ. ಎಣ್ಣೆಯಲ್ಲದ ಭಾಗದಲ್ಲಿ ರೋಸ್ಮರಿನಿಕ್ ಆಮ್ಲ, ಕೆಫೀಕ್ ಆಮ್ಲ ಮತ್ತು ಫ್ಲೇವನಾಯ್ಡ್ ಗುಂಪಿನ ವಸ್ತುಗಳಿವೆ. 'ದಿನಕ್ಕೆ ಐದು ಎಲೆ' ಎಂಬ ಲೆಕ್ಕ ಅಡುಗೆಗೆ ಸಾಕು. ಔಷಧದ ಮಾತ್ರೆಯ ಲೆಕ್ಕವೆಂದು ಅದನ್ನು ಹಿಡಿಯಲಾಗದು.

ಇನ್ನು ರೋಗಾಣುಗಳ ವಿಷಯಕ್ಕೆ ಬರೋಣ. ಬ್ಯಾಕ್ಟೀರಿಯಾ ಎಂಬುದು ಒಂದೇ ಕೋಶದ ಜೀವಿ. ಅದರ ಸುತ್ತ ತೆಳುವಾದ ಕೊಬ್ಬಿನ ಪೊರೆಯೊಂದಿರುತ್ತದೆ. ಆ ಪೊರೆಯ ಹೊರಗೊಂದು, ಒಳಗೊಂದು ಪ್ರಮಾಣದಲ್ಲಿ ವಿದ್ಯುದಂಶಯುಕ್ತ ಕಣಗಳನ್ನು ತಡೆಹಿಡಿದು, ಆ ಏರುಪೇರಿನಿಂದಲೇ ಅದು ತನ್ನ ಶಕ್ತಿಯನ್ನು ಉತ್ಪಾದಿಸಿಕೊಳ್ಳುತ್ತದೆ. ಲಿಂಗನಮಕ್ಕಿಯಲ್ಲಿ ನೀರನ್ನು ಎತ್ತರದಲ್ಲಿ ಕಟ್ಟಿ ನಿಲ್ಲಿಸಿ ವಿದ್ಯುತ್ತು ತೆಗೆಯುವಂತೆಯೇ ಇದು. ಕಾರ್ವಕ್ರಾಲ್ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ನೇರವಾಗಿ ಆ ಪೊರೆಯೊಳಗೆ ನುಸುಳಿ ಅದನ್ನು ಸೋರುವಂತೆ ಮಾಡುತ್ತದೆ. ಕಟ್ಟೆ ಸೋರಿತು, ನೀರು ಇಳಿಯಿತು, ಯಂತ್ರ ನಿಂತಿತು. ನೆದರ್ಲೆಂಡ್ಸ್ ದೇಶದ ವಾಗೆನಿಂಗೆನ್‌ನಲ್ಲಿ ಇಪ್ಪತ್ತೈದು ವರ್ಷಗಳ ಹಿಂದೆ ನಡೆದ ಸಂಶೋಧನೆಗಳು, ಮಿಕ್ಕ ಅನ್ನವನ್ನು ವಿಷವಾಗಿಸುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಇದನ್ನು ತೋರಿಸಿದವು. ನಾನು ಹಿಂದೆ ಹೇಳಿದ ಆ ಆಮ್ಲಜನಕ-ಜಲಜನಕದ ಜೋಡಿಯೇ ಈ ಕೆಲಸದ ಕೀಲಿಕೈ ಎಂಬುದೂ ಅಲ್ಲಿ ತಿಳಿದುಬಂತು. ಪ್ಯಾರಾಸೈಮೀನ್ ನೋಡಲು ಕಾರ್ವಕ್ರಾಲ್‌ನಂತೆಯೇ ಇದ್ದರೂ ಅದಕ್ಕೆ ಆ ಜೋಡಿಯಿಲ್ಲ, ಅದು ಬ್ಯಾಕ್ಟೀರಿಯಾವನ್ನು ಹಾಗೆ ಕೊಲ್ಲುವುದೂ ಇಲ್ಲ.

ಆದುದರಿಂದ 'ದೊಡ್ಡಪತ್ರೆಯ ತೈಲಕ್ಕೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿದೆಯೇ?' ಎಂದು ಕೇಳಿದರೆ 'ಇದೆ' ಎಂಬುದೇ ಉತ್ತರ. ಚರ್ಮದ ಕೀವಿಗೆ ಕಾರಣವಾಗುವ ಸ್ಟೆಫೈಲೋಕಾಕಸ್, ಕರುಳಿನ ಇ. ಕೋಲೈ, ಬಾಯಿಹುಣ್ಣಿನ ಕ್ಯಾಂಡಿಡಾ ಶಿಲೀಂಧ್ರ ಇವೆಲ್ಲ ಗಾಜಿನ ತಟ್ಟೆಯಲ್ಲಿ ಈ ವಸ್ತುಗಳಿಗೆ ಮಣಿಯುತ್ತವೆ. ಸ್ಯೂಡೋಮೊನಾಸ್ ಎಂಬ ಹಠಮಾರಿ ಬ್ಯಾಕ್ಟೀರಿಯಾ ಮಾತ್ರ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ ಹೊರಪೊರೆಯ ರಕ್ಷೆಯೂ ಇದೆ, ಒಳನುಗ್ಗಿದ್ದನ್ನು ಹೊರತಳ್ಳುವ ಪಂಪುಗಳೂ ಇವೆ.

ಆಯುರ್ವೇದ ಕಾಲೇಜುಗಳ ಸ್ನಾತಕೋತ್ತರ ಪ್ರಬಂಧಗಳಲ್ಲಿ ಇಂಥ ಗಾಜಿನ ತಟ್ಟೆಯ ಚಿತ್ರಗಳನ್ನು ನಾನು ಬಹಳವಾಗಿ ನೋಡಿದ್ದೇನೆ. ರಸದಲ್ಲಿ ಅದ್ದಿದ ಕಾಗದದ ಬಿಲ್ಲೆ, ಅದರ ಸುತ್ತ ರೋಗಾಣು ಬೆಳೆಯದ ಒಂದು ಉಂಗುರ, ಆ ಉಂಗುರಕ್ಕೆ ಇಷ್ಟು ಮಿಲಿಮೀಟರ್ ಅಗಲ, ಕೊನೆಯಲ್ಲಿ 'ಆದ್ದರಿಂದ ಈ ದ್ರವ್ಯವು ಉತ್ತಮ ಔಷಧ' ಎಂಬ ತೀರ್ಮಾನ. ಆ ಉಂಗುರದ ಅಗಲ ವಸ್ತುವಿನ ಬಲವನ್ನು ಮಾತ್ರ ಅವಲಂಬಿಸಿರುವುದಿಲ್ಲ. ಆ ವಸ್ತು ತಟ್ಟೆಯ ಅಗರಿನಲ್ಲಿ ಎಷ್ಟು ದೂರ ಹರಡಬಲ್ಲದು ಎಂಬುದನ್ನೂ ಅವಲಂಬಿಸಿರುತ್ತದೆ. ನೀರಿನಲ್ಲಿ ಕರಗದ ಎಣ್ಣೆ ಚೆನ್ನಾಗಿ ಹರಡುವುದಿಲ್ಲ, ಕರಗುವ ದುರ್ಬಲ ವಸ್ತು ಚೆನ್ನಾಗಿ ಹರಡುತ್ತದೆ. ಹೀಗಾಗಿ ಉಂಗುರವನ್ನು ಅಳೆದು ಎರಡು ಮೂಲಿಕೆಗಳ ಬಲಾಬಲ ನಿರ್ಣಯಿಸುವುದು ತಕ್ಕಡಿಯಿಲ್ಲದೆ ಚಿನ್ನ ತೂಗಿದಂತೆ. ಮುಖ್ಯವಾದ ಪ್ರಶ್ನೆಯನ್ನು ಆ ಪ್ರಬಂಧಗಳು ಕೇಳುವುದೇ ಇಲ್ಲ. ತಟ್ಟೆಯಲ್ಲಿ ಬೇಕಾದಷ್ಟು ಪ್ರಮಾಣ ರೋಗಿಯ ಶ್ವಾಸಕೋಶಕ್ಕೆ ತಲುಪುತ್ತದೆಯೇ?

ಈ ಲೆಕ್ಕವನ್ನು ಓದುಗರೆದುರಿಗೇ ಮಾಡಿ ತೋರಿಸುತ್ತೇನೆ. ಸಾಮಾನ್ಯ ರೋಗಾಣುಗಳನ್ನು ತಡೆಯಲು ಒಂದು ಮಿಲಿಲೀಟರ್ ದ್ರವದಲ್ಲಿ ಕಾರ್ವಕ್ರಾಲ್ ನೂರಾರು ಮೈಕ್ರೋಗ್ರಾಂಗಳಷ್ಟು ಬೇಕು. ಇನ್ನೂರು ಎಂದಿಟ್ಟುಕೊಳ್ಳೋಣ. ಹತ್ತು ಕಿಲೋ ತೂಕದ ಒಂದು ಮಗುವಿಗೆ ತಾಯಿ ಹತ್ತು ಗ್ರಾಂ ಎಲೆಯ ರಸ ಕುಡಿಸಿದಳು. ಎಲೆಯಲ್ಲಿ ಶೇಕಡಾ ಅರ್ಧದಷ್ಟು ಎಣ್ಣೆಯಿದೆ, ಆ ಎಣ್ಣೆಯೆಲ್ಲವೂ ಕಾರ್ವಕ್ರಾಲ್, ಅದರಲ್ಲಿ ಒಂದು ಕಣವೂ ನಷ್ಟವಾಗದೆ ದೇಹಕ್ಕೆ ಸೇರಿತು ಎಂದು ಅತ್ಯಂತ ಉದಾರವಾಗಿ ಭಾವಿಸಿದರೂ ಸಿಗುವುದು 50 ಮಿಲಿಗ್ರಾಂ. ಆ ಮಗುವಿನ ದೇಹದಲ್ಲಿ ಆರೇಳು ಲೀಟರ್ ನೀರಿದೆ. ಹಂಚಿಹೋದರೆ ಒಂದು ಮಿಲಿಲೀಟರಿಗೆ ಬರುವುದು ಏಳೆಂಟು ಮೈಕ್ರೋಗ್ರಾಂ. ಬೇಕಾದದ್ದು ಇದರ ಇಪ್ಪತ್ತೈದು ಪಟ್ಟು! ಪೆನಿಸಿಲಿನ್‌ಗೆ ಬಗ್ಗುವ ನ್ಯುಮೋನಿಯಾದ ಬ್ಯಾಕ್ಟೀರಿಯಾವನ್ನು ತಡೆಯಲು ಪೆನಿಸಿಲಿನ್ ಒಂದು ಮಿಲಿಲೀಟರಿಗೆ ಒಂದು ಮೈಕ್ರೋಗ್ರಾಂನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ ಸಾಕು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿರಿ.

ವಾಸ್ತವದಲ್ಲಿ ನಡೆಯುವುದು ಇದಕ್ಕಿಂತಲೂ ಕಡಿಮೆ. 2002ರಲ್ಲಿ ಜರ್ಮನಿಯ ಸಂಶೋಧಕರು ಹನ್ನೆರಡು ಮಂದಿ ಆರೋಗ್ಯವಂತರಿಗೆ 1.08 ಮಿಲಿಗ್ರಾಂ ಥೈಮಾಲ್ ಇರುವ ಥೈಮ್ ಗಿಡದ ಮಾತ್ರೆ ಕೊಟ್ಟು ರಕ್ತವನ್ನು ಪರೀಕ್ಷಿಸಿದರು. ರಕ್ತದಲ್ಲಿ ಬಿಡಿಯಾದ ಥೈಮಾಲ್ ಕಾಣಸಿಗಲೇ ಇಲ್ಲ. ಸಿಕ್ಕಿದ್ದು ಗಂಧಕದ ಆಮ್ಲದೊಡನೆ ಕೂಡಿಸಲ್ಪಟ್ಟ ರೂಪ, ಅದೂ ಒಂದು ಮಿಲಿಲೀಟರಿಗೆ ಸುಮಾರು 93 ನ್ಯಾನೋಗ್ರಾಂ, ಎಂದರೆ ಒಂದು ಮೈಕ್ರೋಗ್ರಾಂನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಕರುಳು ಮತ್ತು ಯಕೃತ್ತುಗಳು ಇಂಥ ಘಾಟಿನ ವಸ್ತುಗಳನ್ನು ಪರಕೀಯವೆಂದು ಗುರುತಿಸಿ, ಅವುಗಳಿಗೆ ಕೋಳ ತೊಡಿಸಿ ಮೂತ್ರದ ದಾರಿ ಹಿಡಿಸುತ್ತವೆ. ಆ ಕೋಳ ಬೀಳುವುದು ಯಾವ ಜಾಗಕ್ಕೆ ಬಲ್ಲಿರಾ? ಬ್ಯಾಕ್ಟೀರಿಯಾವನ್ನು ಕೊಲ್ಲುವ ಆ ಆಮ್ಲಜನಕ-ಜಲಜನಕದ ಜೋಡಿಗೇ. ಕೀಲಿಕೈಯನ್ನೇ ಮುರಿದ ಮೇಲೆ ಬೀಗ ತೆರೆಯುವುದು ಹೇಗೆ?

ಇದು ಬರಿಯ ಶಾಸ್ತ್ರಚರ್ಚೆಯಾಗಿದ್ದರೆ ಈ ಪುಟಗಳನ್ನು ನಾನು ಇಷ್ಟು ಆಕ್ರಮಿಸುತ್ತಿರಲಿಲ್ಲ. ಕೆಲವು ವರ್ಷಗಳ ಕೆಳಗೆ ಮಳೆಗಾಲದ ಒಂದು ಸಂಜೆ ಹದಿನಾಲ್ಕು ತಿಂಗಳ ಹೆಣ್ಣುಮಗುವನ್ನು ನನ್ನ ಚಿಕಿತ್ಸಾಲಯಕ್ಕೆ ಎತ್ತಿಕೊಂಡು ಬಂದರು. ಐದು ದಿನಗಳಿಂದ ಜ್ವರ, ಕೆಮ್ಮು. ಅಜ್ಜಿ ದಿನಕ್ಕೆ ಮೂರು ಸಲ ದೊಡ್ಡಪತ್ರೆಯ ರಸ ಕುಡಿಸಿದ್ದರು. ಎರಡನೆಯ ದಿನವೇ ದವಾಖಾನೆಗೆ ಹೊರಟಿದ್ದ ಮಗಳನ್ನು 'ಇದೇ ಆಂಟಿಬಯಾಟಿಕ್ ಅಂತೆ, ಮೊಬೈಲಿನಲ್ಲಿ ಡಾಕ್ಟರೇ ಹೇಳಿದ್ದಾರೆ, ಆ ಇಂಗ್ಲಿಷ್ ಔಷಧ ಯಾಕೆ' ಎಂದು ತಡೆದಿದ್ದರು. ಮಗು ನಿಮಿಷಕ್ಕೆ ಅರವತ್ತಕ್ಕೂ ಹೆಚ್ಚು ಸಲ ಉಸಿರಾಡುತ್ತಿತ್ತು. ಪ್ರತಿ ಉಸಿರಿಗೂ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು, ತುಟಿಯ ಬಣ್ಣ ಮಾಸಿತ್ತು. ನಾಡಿ ನೋಡುವ ಹೊತ್ತು ಅದಲ್ಲ. ಆ ಕ್ಷಣವೇ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಕಳುಹಿಸಿದೆ. ಆಮ್ಲಜನಕ, ಚುಚ್ಚುಮದ್ದಿನ ಆಂಟಿಬಯಾಟಿಕ್‌ಗಳೊಡನೆ ಒಂಬತ್ತು ದಿನ ಅಲ್ಲಿದ್ದು ಮಗು ಉಳಿದುಕೊಂಡಿತು. ಆ ಅಜ್ಜಿಯನ್ನು ನಾನು ದೂಷಿಸಲಾರೆ. ಅವರು ಮೊದಲ ದಿನ ಮಾಡಿದ್ದು ಸರಿಯೇ ಆಗಿತ್ತು. ಎರಡನೆಯ ದಿನ ಅವರನ್ನು ತಡೆದದ್ದು ಎಲೆಯಲ್ಲ, ಎಲೆಗೆ ನಾವು ಕಟ್ಟಿದ ಬಿರುದು.

ಆದ್ದರಿಂದ ಪ್ರತಿ ಮನೆಯವರೂ ಒಂದು ಲೆಕ್ಕವನ್ನು ಕಲಿತಿರಬೇಕು. ಮಗು ಅಳದೆ ಶಾಂತವಾಗಿರುವಾಗ ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿರಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40, ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ವೇಗದ ಉಸಿರಾಟ. ಕೆಮ್ಮಿನ ಜೊತೆಗೆ ಅದು ಕಂಡರೆ, ಪಕ್ಕೆ ಒಳಸೆಳೆದರೆ, ಮಗು ಹಾಲು ಕುಡಿಯದೆ ಮಂಕಾದರೆ ಯಾವ ಎಲೆಗೂ ಕೈ ಹಾಕದೆ ಆಸ್ಪತ್ರೆಗೆ ಹೊರಡಿರಿ. ಎರಡು ತಿಂಗಳು ತುಂಬದ ಶಿಶುವಿಗೆ ಜ್ವರ ಬಂದರೆ ಎಣಿಸುತ್ತ ಕೂರುವುದೂ ಬೇಡ.

ಹಾಗಾದರೆ ದೊಡ್ಡಪತ್ರೆಯಿಂದ ಪ್ರಯೋಜನವೇನು ಎಂದು ಕೇಳುವಿರಿ. ನಾನು ಇದುವರೆಗೆ ಹೇಳಿದ್ದರಲ್ಲಿಯೇ ಉತ್ತರದ ಅರ್ಧಭಾಗವಿದೆ. ಯಕೃತ್ತನ್ನು ದಾಟಿದ ಮೇಲೆ ಈ ತೈಲ ನಿರಾಯುಧ. ದಾಟುವುದಕ್ಕೆ ಮೊದಲು ಎಲ್ಲಿ ನೇರವಾಗಿ ಸೋಂಕುತ್ತದೆಯೋ ಅಲ್ಲಿ, ಅಂದರೆ ಬಾಯಿ, ಗಂಟಲು, ಜಠರ, ಆಹಾರ ಇವುಗಳಲ್ಲಿ, ಅದಕ್ಕೆ ಕೆಲಸವಿದೆ. ಎಲೆಗೆ ಉಪ್ಪು ಸವರಿ ನಿಧಾನವಾಗಿ ಜಗಿದಾಗ ಗಂಟಲಿನ ಕೆರೆತ ಇಳಿಯುವುದು ಎಲ್ಲರ ಅನುಭವ. ವಾಗೆನಿಂಗೆನ್‌ನ ಸಂಶೋಧಕರು ಬೇಯಿಸಿದ ಅನ್ನಕ್ಕೇ ಕಾರ್ವಕ್ರಾಲ್ ಬೆರೆಸಿ ನೋಡಿದಾಗ ಅಲ್ಲಿಯೂ ಆ ಬ್ಯಾಸಿಲಸ್‌ನ ಬೆಳವಣಿಗೆ ತಗ್ಗಿತ್ತು. ಓಮದ ವಗ್ಗರಣೆ, ದೊಡ್ಡಪತ್ರೆಯ ತಂಬುಳಿ, ಚಟ್ನಿ ಇವು ಸೆಕೆಯ ನಾಡಿನಲ್ಲಿ ರೂಢಿಗೆ ಬಂದದ್ದರ ಹಿಂದೆ ಏನೋ ಔಚಿತ್ಯವಿದೆ ಎಂದು ನನ್ನ ನಂಬಿಕೆ. ಹಾಗೆಂದು ನಿನ್ನೆಯ ಅನ್ನಕ್ಕೆ ಚಟ್ನಿ ಕಲಸಿಬಿಟ್ಟರೆ ನಿರ್ಭಯ ಎಂದು ಯಾರೂ ಭಾವಿಸಬಾರದು.

ಉತ್ತರದ ಇನ್ನರ್ಧ ನಮ್ಮ ಶಾಸ್ತ್ರದಲ್ಲಿದೆ. ಚರಕಸಂಹಿತೆಯ ವಿಮಾನಸ್ಥಾನದ ಏಳನೆಯ ಅಧ್ಯಾಯ ಕೃಮಿಚಿಕಿತ್ಸೆಯನ್ನು ಮೂರು ಹೆಜ್ಜೆಗಳಲ್ಲಿ ಹೇಳುತ್ತದೆ. ಮೊದಲನೆಯದು ಅಪಕರ್ಷಣ, ಎಂದರೆ ಕೃಮಿಯನ್ನು ಹೊರತೆಗೆಯುವುದು. ಎರಡನೆಯದು ಪ್ರಕೃತಿವಿಘಾತ. ಮೂರನೆಯದು ನಿದಾನವರ್ಜನ, ಕಾರಣವನ್ನು ದೂರವಿಡುವುದು. ಈ ನಡುವಿನ ಹೆಜ್ಜೆಯನ್ನು ಗಮನಿಸಬೇಕು. ಕಟು, ತಿಕ್ತ, ಉಷ್ಣ ದ್ರವ್ಯಗಳಿಂದ ಕಫ ಮತ್ತು ಮಲಗಳಲ್ಲಿ ಕೃಮಿಗೆ ಅನುಕೂಲವಾದ ಪರಿಸ್ಥಿತಿಯನ್ನು ಕೆಡಿಸುವುದೇ ಪ್ರಕೃತಿವಿಘಾತ. ಶತ್ರುವಿನ ತಲೆ ಕಡಿಯುವುದಲ್ಲ, ಅವನು ಬೀಡುಬಿಟ್ಟ ನೆಲವನ್ನು ಬಾಳಲಾಗದಂತೆ ಮಾಡುವುದು. ದೊಡ್ಡಪತ್ರೆಯ ಕಟುರಸ, ಉಷ್ಣವೀರ್ಯ, ದೀಪನ-ಪಾಚನ ಗುಣಗಳು ಕೂತುಕೊಳ್ಳುವ ಜಾಗ ಅದೇ. ಕಫವನ್ನು ಸಡಿಲಿಸುತ್ತದೆ, ಅಗ್ನಿಯನ್ನು ಎಬ್ಬಿಸುತ್ತದೆ, ಹೊಟ್ಟೆಯುಬ್ಬರ ಇಳಿಸುತ್ತದೆ. ಸೂಕ್ಷ್ಮವಾದ್ದರಿಂದ ಕಣ್ಣಿಗೆ ಕಾಣದ ಕೃಮಿಗಳೂ ಇವೆಯೆಂದು ಅದೇ ಅಧ್ಯಾಯ ಹೇಳುತ್ತದೆ. ಅಷ್ಟರಿಂದಲೇ 'ಚರಕರಿಗೆ ಬ್ಯಾಕ್ಟೀರಿಯಾ ಗೊತ್ತಿತ್ತು' ಎಂದು ವೇದಿಕೆಯ ಮೇಲೆ ಗರ್ಜಿಸುವವರ ಸಾಲಿಗೆ ನಾನು ಸೇರುವುದಿಲ್ಲ. ಅವರಿಗೆ ಗೊತ್ತಿದ್ದ ವಿಷಯದ ಘನತೆ ಬೇರೆ. 'ಆಂಟಿಬಯಾಟಿಕ್' ಎಂಬ ಎರವಲು ಕಿರೀಟ ತೊಡಿಸಿದಾಗ ಆ ಘನತೆಯೇ ಮುಚ್ಚಿಹೋಗುತ್ತದೆ.

ಇದಕ್ಕೊಂದು ವಿಸ್ಮಯಕರ ನಿದರ್ಶನ ಇತ್ತೀಚೆಗೆ ದೊರೆತಿದೆ. ತೈವಾನ್ ದೇಶದ ಕಂಪನಿಯೊಂದು ದೊಡ್ಡಪತ್ರೆ ಮತ್ತು ಒಂದೆಲಗ ಇವೆರಡರ ಸಾರಗಳಿಂದ ಒಂದು ಲೇಪನವನ್ನು ತಯಾರಿಸಿತು. ಎರಡೂ ನಮ್ಮ ತಂಬುಳಿಯ ಸೊಪ್ಪುಗಳೇ! ಸಕ್ಕರೆ ಕಾಯಿಲೆಯವರ ಪಾದದಲ್ಲಿ ಮಾಯದೆ ಉಳಿಯುವ ಹುಣ್ಣಿನ ಮೇಲೆ ಅದನ್ನು ಪರೀಕ್ಷಿಸಿದರು. 236 ರೋಗಿಗಳ ಮೇಲೆ ನಡೆದ ಆ ಅಧ್ಯಯನ 2021ರಲ್ಲಿ ಅಮೆರಿಕದ ವೈದ್ಯಸಂಘದ ನಿಯತಕಾಲಿಕೆಯೊಂದರಲ್ಲಿ ಪ್ರಕಟವಾಯಿತು. ಹದಿನಾರು ವಾರಗಳಲ್ಲಿ ಲೇಪನ ಹಚ್ಚಿಕೊಂಡವರಲ್ಲಿ ಶೇಕಡಾ 60.7 ಮಂದಿಯ ಹುಣ್ಣು ಪೂರ್ಣ ಮಾಯಿತು. ದ್ರವ ಹೀರುವ ಪಟ್ಟಿಯನ್ನು ಮಾತ್ರ ಕಟ್ಟಿಸಿಕೊಂಡವರಲ್ಲಿ ಮಾಯ್ದದ್ದು ಶೇಕಡಾ 35.1 ಮಂದಿಗೆ. ಖರ್ಚು ವಹಿಸಿದ್ದು ಆ ಕಂಪನಿಯೇ ಎಂಬುದನ್ನು ಮರೆಯದೆ ಈ ಅಂಕಿಗಳನ್ನು ಓದಬೇಕು. ನನಗೆ ಸ್ವಾರಸ್ಯವೆನಿಸಿದ್ದು ಅದು ಕೆಲಸ ಮಾಡುವ ಬಗೆ. ಸಂಶೋಧಕರ ವಿವರಣೆಯಂತೆ ಅಲ್ಲಿ ನಡೆಯುವುದು ರೋಗಾಣುಗಳ ಸಂಹಾರವಲ್ಲ. ಮಾಯದ ಹುಣ್ಣಿನಲ್ಲಿ ಉರಿಯೂತವನ್ನೇ ಎಬ್ಬಿಸುತ್ತ ಕೂತ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳನ್ನು, ಗಾಯ ಮಾಯಿಸುವ ಕೋಶಗಳ ಕಡೆಗೆ ತಿರುಗಿಸುವುದು. ಇಂದಿನವರೆಗೆ ದೊಡ್ಡಪತ್ರೆಗೆ ರೋಗಿಗಳ ಮೇಲೆ ದೊರೆತಿರುವ ದೊಡ್ಡ ಪ್ರಮಾಣಪತ್ರ 'ಕೊಲ್ಲುವ' ಗುಣಕ್ಕಲ್ಲ, ದೇಹದ ಕ್ಷೇತ್ರವನ್ನು ಸರಿಪಡಿಸುವ ಗುಣಕ್ಕೆ! ಇದನ್ನೋದಿ ಯಾರೂ ಎಲೆ ಅರೆದು ಪಾದದ ಹುಣ್ಣಿಗೆ ಮೆತ್ತಬೇಡಿರಿ. ಅವರು ಬಳಸಿದ್ದು ಶುದ್ಧೀಕರಿಸಿ ಪ್ರಮಾಣ ಕಟ್ಟಿದ ಸಾರ. ಹಿತ್ತಿಲ ಎಲೆಯ ಜೊತೆಗೆ ಬರುವುದು ಹಿತ್ತಿಲ ಮಣ್ಣು, ಮತ್ತು ಸಕ್ಕರೆ ಕಾಯಿಲೆಯ ಪಾದ ಆ ಮಣ್ಣನ್ನು ಕ್ಷಮಿಸುವುದಿಲ್ಲ.

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ಮಕ್ಕಳಿಗೆ ಬರುವ ನೆಗಡಿ, ಸಾಧಾರಣ ಕೆಮ್ಮುಗಳಲ್ಲಿ ಬಹುಪಾಲು ವೈರಸ್‌ಗಳಿಂದ ಬಂದವು. ಅವುಗಳಿಗೆ ಯಾವ ಆಂಟಿಬಯಾಟಿಕ್ಕೂ ಮದ್ದಲ್ಲ. ಆದರೂ ಎರಡು ದಿನ ಮೂಗು ಸೋರಿದೊಡನೆ ಔಷಧದ ಅಂಗಡಿಗೆ ಹೋಗಿ, ಕಳೆದ ಸಲದ ಖಾಲಿ ಪಟ್ಟಿ ತೋರಿಸಿ ಅದೇ ಮಾತ್ರೆ ತರುವವರು ನಮ್ಮಲ್ಲಿ ಎಷ್ಟಿಲ್ಲ! ಮಾತ್ರೆಯ ಪಟ್ಟಿಯ ಮೇಲೆ ನೀಳವಾದ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂದು ಕೇಂದ್ರ ಸರ್ಕಾರ 2016ರಿಂದ ಪ್ರಚಾರ ಮಾಡುತ್ತಿದೆ. ಆ ಗೆರೆಯನ್ನು ನೋಡುವ ಅಭ್ಯಾಸ ನಮಗಿನ್ನೂ ಬಂದಿಲ್ಲ. ಇಂಥ ಅಪಬಳಕೆಯಿಂದ ಔಷಧಕ್ಕೆ ಬಗ್ಗದ ರೋಗಾಣುಗಳು ಹುಟ್ಟಿಕೊಳ್ಳುತ್ತವೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಸಾವುಗಳಿಗೆ ಅವೇ ನೇರ ಕಾರಣವೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳುತ್ತದೆ. ಇಲ್ಲಿ ದೊಡ್ಡಪತ್ರೆಗೆ ನಿಜವಾದ ಪಾತ್ರವಿದೆ. ಮಗು ಆಡಿಕೊಂಡಿದೆ, ಹಾಲು ಕುಡಿಯುತ್ತಿದೆ, ಉಸಿರಿನ ಲೆಕ್ಕ ಸರಿಯಾಗಿದೆ, ಮೂಗು ಮಾತ್ರ ಸೋರುತ್ತಿದೆ. ಆಗ ಅಜ್ಜಿ ಎಲೆ ಬಾಡಿಸಿ ನಾಲ್ಕು ಹನಿ ರಸ ಕೊಡುತ್ತಾಳೆ. ಮಗುವಿನ ಕಫ ಸಡಿಲಿಸುತ್ತದೆ, ತಾಯಿಯ ಗಾಬರಿ ಇಳಿಯುತ್ತದೆ, ಕಾಯುವುದಕ್ಕೆ ಧೈರ್ಯ ಬರುತ್ತದೆ. ಕೆಲವು ದಿನಗಳಲ್ಲಿ ದೇಹವೇ ಗೆಲ್ಲುತ್ತದೆ, ಮತ್ತು ಬೇಡದ ಒಂದು ಆಂಟಿಬಯಾಟಿಕ್ ಆ ಮನೆಯ ಹೊಸ್ತಿಲು ದಾಟುವುದಿಲ್ಲ. ಆಂಟಿಬಯಾಟಿಕ್ ಬೇಕಾದಲ್ಲಿ ಅದರ ಸ್ಥಾನದಲ್ಲಿ ಕೂರುವ ಯೋಗ್ಯತೆ ಈ ಎಲೆಗಿಲ್ಲ. ಬೇಡವಾದಲ್ಲಿ ಅದನ್ನು ಬಾರದಂತೆ ತಡೆಯುವ ಯೋಗ್ಯತೆ ಪೂರ್ಣವಾಗಿದೆ.

ಸಣ್ಣ ಸೀಸೆಗಳಲ್ಲಿ 'ದೊಡ್ಡಪತ್ರೆಯ ಎಣ್ಣೆ', 'ಓಮದ ಸತ್ವ' ಮಾರಾಟಕ್ಕೆ ಬಂದಿರುವುದನ್ನೂ ನೋಡುತ್ತಿದ್ದೇನೆ. ಎಲೆಗೆ ಬಲ ಸಾಲದೆಂದರೆ ಎಣ್ಣೆಯನ್ನೇ ಕುಡಿಸೋಣ ಎಂಬ ಯೋಚನೆ ಅಪಾಯದ್ದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳದ ನಿವಾರಣೆಗೆ ಥೈಮಾಲನ್ನು ಗ್ರಾಂಗಟ್ಟಲೆ ನುಂಗಿಸುತ್ತಿದ್ದರು. ಕರುಳಿನಲ್ಲಿಯೇ ಇರುವ ಹುಳವಾದ್ದರಿಂದ ಅದು ಫಲಿಸಿತು. ಆದರೆ ಆ ಹೊತ್ತಿನಲ್ಲಿ ಎಣ್ಣೆ, ಕೊಬ್ಬು, ಮದ್ಯಗಳನ್ನು ಮುಟ್ಟಕೂಡದೆಂದು ಕಟ್ಟಪ್ಪಣೆಯಿತ್ತು. ಅವುಗಳೊಡನೆ ಥೈಮಾಲ್ ರಕ್ತಕ್ಕೆ ಸೇರಿದರೆ ಅದೇ ವಿಷವಾಗುತ್ತಿತ್ತು. ಪೊರೆಯನ್ನು ಸೋರಿಸುವ ವಸ್ತುವಿಗೆ ಬ್ಯಾಕ್ಟೀರಿಯಾದ ಪೊರೆ, ಮಗುವಿನ ಗಂಟಲಿನ ಪೊರೆ ಎಂಬ ಭೇದ ಹೆಚ್ಚಿಲ್ಲ. ಎಲೆಯಲ್ಲಿ ನೀರಿನೊಡನೆ ಹದವಾಗಿ ಬೆರೆತಿರುವುದನ್ನು ಹಾಗೆಯೇ ಬಳಸುವುದು ಲೇಸು.

ಬಳಸುವ ಕ್ರಮದ ಬಗ್ಗೆ ಕೆಲವು ಮಾತು ಹೇಳುತ್ತೇನೆ. ಅರ್ಧ ಗಂಟೆ ಕುದಿಸಿ ಕಷಾಯ ಮಾಡುವುದನ್ನು ನಾನು ಒಪ್ಪುವುದಿಲ್ಲ. ತೈಲ ಆವಿಯೊಡನೆ ಹಾರಿಹೋಗಿ ಅಡುಗೆಮನೆ ಘಮಘಮಿಸುತ್ತದೆ, ಲೋಟದಲ್ಲಿ ಉಳಿಯುವುದು ಅಲ್ಪ. ಎಲೆಯನ್ನು ಚೆನ್ನಾಗಿ ತೊಳೆದು, ಕಾವಲಿಯ ಮೇಲೆ ಬಾಡುವಷ್ಟೇ ಬಿಸಿಮಾಡಿ ಹಿಂಡುವುದು ಸರಿಯಾದ ಪದ್ಧತಿ. ದೊಡ್ಡವರಿಗೆ ಎರಡು ಚಮಚ, ಎರಡು ವರ್ಷ ದಾಟಿದ ಮಕ್ಕಳಿಗೆ ಅರ್ಧ ಚಮಚ, ಅದಕ್ಕೂ ಚಿಕ್ಕವರಿಗೆ ಕೆಲವೇ ಹನಿ, ಮೂರು ದಿನಕ್ಕಿಂತ ಹೆಚ್ಚು ಬೇಡ. ತಾಯಿಯ ಹಾಲನ್ನೇ ಕುಡಿಯುವ ಆರು ತಿಂಗಳೊಳಗಿನ ಶಿಶುವಿಗೆ ಬೇಡವೇ ಬೇಡ. ಉಷ್ಣವೀರ್ಯವಾದ್ದರಿಂದ ಎದೆಯುರಿ, ಹುಳಿತೇಗು ಇರುವವರು ಮಜ್ಜಿಗೆಯೊಡನೆ ತಂಬುಳಿಯಾಗಿ ಸೇವಿಸಲಿ. ಕಾವಲಿಯಿಂದ ತೆಗೆದ ಎಲೆಯನ್ನು ನೇರವಾಗಿ ಕೂಸಿನ ನೆತ್ತಿಗೆ ಇಡುವ ರೂಢಿಯಿಂದ ಚರ್ಮ ಸುಟ್ಟದ್ದನ್ನು ನೋಡಿದ್ದೇನೆ, ಅದನ್ನು ಬಿಡಬೇಕು. ರಸಕ್ಕೆ ಜೇನು ಬೆರೆಸುವುದು ನಮ್ಮ ಸಂಪ್ರದಾಯ, ಅನುಪಾನವಾಗಿ ಉತ್ತಮವೂ ಹೌದು. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಲೂ ಕೂಡದು. ಜೇನಿನಲ್ಲಿ ಒಮ್ಮೊಮ್ಮೆ ಸುಪ್ತವಾಗಿರುವ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಆ ಎಳೆಯ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ನಿಶ್ಚೇಷ್ಟಗೊಳಿಸಬಲ್ಲವು. ಆ ಬೀಜಾಣುಗಳನ್ನು ಜೊತೆಯಲ್ಲಿರುವ ದೊಡ್ಡಪತ್ರೆಯ ರಸ ಕೊಲ್ಲುತ್ತದೆಂದು ಭಾವಿಸಿ ಯಾರೂ ಕೊಡದಿರಲಿ.